ನೀಲಿ ಬೊಟ್ಟಿನ ಮೊಟ್ಟೆಗಳು

ರೈಲು ವಿಶಾಖಪಟ್ಟಣ ತಲುಪುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ದಾವಣಗೆರೆಯಿಂದ ಬೆಂಗಳೂರಿಗೆ ಬಂದು, ಅಲ್ಲಿ ಭುವನೇಶ್ವರದ ಗಾಡಿ ಹತ್ತಿ, ಕೂತೂ ಮಲಗಿಯೂ ಸಾಕಾಗಿ ಹೋಗಿದ್ದೆ. ಫೆಬ್ರವರಿ ಇನ್ನೂ ಮುಗಿದಿರಲಿಲ್ಲ. ನಮ್ಮ ಕಡೆ ಬೆಳಗಿನ ಹೊತ್ತು ಶಾಲು ಹೊದೆಯುವವರಿದ್ದರು. ಇಲ್ಲಿ ಪ್ಲಾಟ್‌ಫಾರಂಗೆ ಇಳಿದ ಕೂಡಲೇ ಸೀರೆ ಬೆನ್ನಿಗೆ ಅಂಟಿಕೊಂಡಿತು. ಭಾವ ಗೇಟಿನ ಬಳಿ ಕೈಚೀಲ ಹಿಡಿದು ನಿಂತಿದ್ದರು. ಸದಾ ಇಸ್ತ್ರಿ ಮಾಡಿದ ಅಂಗಿ ಹಾಕುವ ಮನುಷ್ಯ ಅಂದು ಸುಕ್ಕು ಸುಕ್ಕಾದ ಟೀ ಶರ್ಟಿನಲ್ಲಿದ್ದರು. ಅದನ್ನು ನೋಡಿಯೇ ನನಗೆ ಅರ್ಧ ಸುದ್ದಿ ತಿಳಿಯಿತು.

ನನಗೆ ಎರಡು ಕೆಲಸಗಳಿದ್ದವು. ನಾನು ಪಶುಸಂಗೋಪನಾ ಇಲಾಖೆಯಲ್ಲಿ ವೈದ್ಯೆಯಾಗಿದ್ದು ನಿವೃತ್ತಳಾದವಳು. ಜಾನುವಾರು, ಕೋಳಿಗಳಿಗೆ ಆಂಟಿಬಯೋಟಿಕ್ ಕೊಡುವ ಬಗ್ಗೆ ಸರ್ಕಾರ ಬಿಗಿ ಮಾಡಿರುವ ನಿಯಮಗಳನ್ನು ಕೋಳಿ ಸಾಕುವವರಿಗೆ ತಿಳಿಸಲು ವಿಜಯವಾಡದಲ್ಲಿ ಒಂದು ಸಭೆ ಇತ್ತು. ಕರ್ನಾಟಕದ ಅನುಭವ ಹೇಳಿ ಎಂದು ನನ್ನನ್ನೂ ಕರೆದಿದ್ದರು. ಸಭೆ ಇಲ್ಲದಿದ್ದರೂ ನಾನು ಈ ಕಡೆ ಬರಬೇಕಿತ್ತು. ಅಕ್ಕ ಗಿರಿಜ ವಿಶಾಖಪಟ್ಟಣದ ಆಸ್ಪತ್ರೆಯಲ್ಲಿದ್ದಳು. ಮೂತ್ರದ ಸೋಂಕು, ಜ್ವರ, ಮಾತ್ರೆ, ಮತ್ತೆ ಅದೇ ಜ್ವರ. ದೀಪಾವಳಿಯ ನಂತರ ಹೀಗೇ ನಡೆದು, ಈ ಸಲ ಸೋಂಕು ರಕ್ತಕ್ಕೆ ಇಳಿದಿತ್ತು.

ಭಾವ ಬ್ಯಾಂಕಿನಲ್ಲಿದ್ದವರು. ವರ್ಗವಾಗಿ ಇಲ್ಲಿಗೆ ಬಂದವರು ಇಲ್ಲೇ ಬೇರು ಬಿಟ್ಟರು. ಆಟೋದವನು ಮುನ್ನೂರು ಕೇಳಿದ. ಭಾವ ಅವನ ತೆಲುಗಿನಲ್ಲೇ ಅವನನ್ನು ಇನ್ನೂರಕ್ಕೆ ಇಳಿಸಿದರು. ದಾರಿಯಲ್ಲಿ ಅಕ್ಕನ ವಿಷಯ ಬಿಟ್ಟು ಮಿಕ್ಕೆಲ್ಲ ಮಾತಾಡಿದರು. ನಾನೂ ಕೆದಕಲಿಲ್ಲ.

ಅಕ್ಕ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದಳು. ಮೈ ಇಳಿದು ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು.

"ಬಂದೇನೇ ಸರೋಜ? ಊಟ ಆತಾ?" ಅಂದಳು. ನಾನು ಆಸ್ಪತ್ರೆಗಲ್ಲ, ಅವಳ ಮನೆಗೇ ಬಂದಿದ್ದೇನೆ ಎನ್ನುವ ಹಾಗಿತ್ತು ಅವಳ ದನಿ.

"ನಿನ್ನ ಊಟದ ಕಥೆ ಹೇಳು ಮೊದ್ಲು."

"ನನ್ನದೇನೈತೆ. ಈ ಬಾಟ್ಲಿಯಿಂದ ಇಳೀತೈತಲ್ಲ, ಅದೇ ಊಟ."

ಅವಳನ್ನು ನೋಡುತ್ತಿದ್ದ ವೈದ್ಯೆ ಚಿಕ್ಕ ವಯಸ್ಸಿನವಳು, ಮಾತಿನಲ್ಲಿ ಸುತ್ತುಬಳಸು ಇರಲಿಲ್ಲ. ನಾನು ದನದ ಡಾಕ್ಟರು ಎಂದು ಭಾವ ಮೊದಲೇ ಹೇಳಿದ್ದರು. ಹೊರಗೆ ಕಾರಿಡಾರಿನಲ್ಲಿ ನಿಂತು ನನಗೆ ವಿವರಿಸಿದಳು: ಈ ರೋಗಾಣು ಯಾವ ಮಾತ್ರೆಗೂ ಬಗ್ಗುತ್ತಿಲ್ಲ. ಡ್ರಿಪ್‌ನಲ್ಲಿ ಕೊಡುವ ಒಂದು ಔಷಧ ಸದ್ಯಕ್ಕೆ ಹಿಡಿದಿದೆ. "ಇದೂ ಕೈಕೊಟ್ಟರೆ ಕೊಲಿಸ್ಟಿನ್ ಕೊಡಬೇಕಾಗುತ್ತೆ ಮೇಡಂ. ಅದಾದ ಮೇಲೆ ಕೊಡೋಕೆ ನನ್ನ ಹತ್ತಿರ ಏನೂ ಇಲ್ಲ" ಎಂದು ಇಂಗ್ಲಿಷಿನಲ್ಲೂ ತೆಲುಗಿನಲ್ಲೂ ಹೇಳಿದಳು.

ಆ ಹೆಸರು ನನಗೆ ಹೊಸದಲ್ಲ. ಕೊಲಿಸ್ಟಿನ್ ನನಗೆ ಮೊದಲು ಪರಿಚಯವಾದದ್ದು ಆಸ್ಪತ್ರೆಯಲ್ಲಲ್ಲ, ಕೋಳಿ ಫಾರಂಗಳ ಉಗ್ರಾಣದಲ್ಲಿ. ಮರಿಗಳು ಬೇಗ ತೂಕ ಬರಲಿ ಎಂದು ಅದನ್ನು ಮೇವಿಗೆ ಬೆರೆಸುತ್ತಿದ್ದ ಕಾಲವೊಂದಿತ್ತು. ಮನುಷ್ಯರಿಗೆ ಕೊನೆಯ ಆಸರೆಯಾದ ಔಷಧವನ್ನು ಕೋಳಿಗೆ ತಿನ್ನಿಸಬಾರದು ಎಂದು ಕೆಲವು ವರ್ಷಗಳ ಹಿಂದೆ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ಆದೇಶ ಓದಿ ಅಂದು ಸಂತೋಷಪಟ್ಟಿದ್ದೆ. ಅದರಲ್ಲಿದ್ದ "ಮನುಷ್ಯ" ಎಂಬ ಶಬ್ದಕ್ಕೆ ಒಂದು ದಿನ ನನ್ನ ಅಕ್ಕನ ಮುಖ ಬರುತ್ತದೆ ಎಂದು ಯೋಚಿಸಿರಲಿಲ್ಲ.

ಭಾವನ ಮನೆ ಎಂವಿಪಿ ಕಾಲೋನಿಯಲ್ಲಿ, ಎರಡನೆಯ ಮಹಡಿ. ಕೆಳಗೆ ಕೋಚಿಂಗ್ ಸೆಂಟರ್ ಇರುವುದರಿಂದ ಮೆಟ್ಟಿಲಿನ ಬಾಯಿಯವರೆಗೂ ಸ್ಕೂಟರ್‌ಗಳು. ಸಂಜೆ ಭಾವ ಅನ್ನಕ್ಕಿಟ್ಟು ಮೊಟ್ಟೆ ಪಲ್ಯ ಮಾಡಲು ಹೊರಟರು. ಫ್ರಿಜ್ಜಿನಿಂದ ತೆಗೆದ ಪ್ರತಿ ಮೊಟ್ಟೆಯ ತುದಿಯಲ್ಲೂ ಒಂದು ನೀಲಿ ಚುಕ್ಕೆ. ಬಿಳಿ ಬಟ್ಟೆಗೆ ಹಾಕುವ ನೀಲಿಯಲ್ಲಿ ಬೆರಳದ್ದಿ ಒತ್ತಿದ ಹಾಗಿತ್ತು.

"ಇದೇನು ಭಾವ, ಮೊಟ್ಟೆಗೆ ಬೊಟ್ಟು?"

"ಅದು ಬೀಗಿತ್ತಿ ಗುರುತು" ಎಂದರು ಹೆಮ್ಮೆಯಿಂದ. "ಸುಮನ ಅತ್ತೆ ಕಳಿಸಿದ್ದು. ಪೇಟೆಗೆ ಹೋಗೋ ಮೊಟ್ಟೆ ಬೇರೆ, ಮನೆ ಜನಕ್ಕೆ ಅಂತ ತೆಗೆದಿಡೋದು ಬೇರೆ. ಬೆರೀಬಾರ್ದು ಅಂತ ಬೊಟ್ಟಿಡ್ತಾರೆ. ತಿಂಗಳಿಗೆ ಒಂದೆರಡು ಸಲ ಯಾರ ಕೈಲಾದ್ರೂ ಕಳಿಸ್ತಾರೆ. ನಿಮ್ಮಕ್ಕ ಅಂಗಡಿ ಮೊಟ್ಟೆ ತಿಂದು ಎಷ್ಟು ವರ್ಷ ಆಯ್ತೋ. ಮನೆಗೆ ಬಂದ್ಮೇಲೆ ದಿನಕ್ಕೊಂದು ಮೊಟ್ಟೆ ಕೊಡಿ, ಶಕ್ತಿ ಬರ್ಲಿ ಅಂದಿದ್ದಾರೆ ಡಾಕ್ಟ್ರು. ಅದಕ್ಕೇ ಇನ್ನೊಂದು ಟ್ರೇ ಹಾಗೇ ಇಟ್ಟಿದೀನಿ."

ಸುಮಾ ಅಕ್ಕನ ಒಬ್ಬಳೇ ಮಗಳು. ಮದುವೆಯಾಗಿ ವಿಜಯವಾಡದ ಹತ್ತಿರ ಗನ್ನವರಂನಲ್ಲಿದ್ದಾಳೆ. ಗಂಡನ ಮನೆಯವರದು ಮೊಟ್ಟೆ ಕೋಳಿ ಫಾರಂ. ನಾನು ಪಲ್ಯವನ್ನು ಎರಡು ಸಲ ಹಾಕಿಸಿಕೊಂಡು ತಿಂದೆ. ಮೊಟ್ಟೆಗಳಿಗೂ ನೆಂಟಸ್ತಿಕೆ ಇರುವುದು ಚಂದವೆನ್ನಿಸಿತು.

ಮರುದಿನ ಆಸ್ಪತ್ರೆಯಲ್ಲಿ ನೋಡಲು ಬಿಡುವ ಹೊತ್ತು ಮುಗಿದ ಮೇಲೆ ಭಾವ ನನ್ನನ್ನು ಋಷಿಕೊಂಡದ ಕಡೆ ಕರೆದೊಯ್ದರು. ಒಂದು ಕಡೆ ಗುಡ್ಡದ ಮೇಲೆ ಗಾಜಿನ ಆಫೀಸುಗಳು, ಇನ್ನೊಂದು ಕಡೆ ಸಮುದ್ರ. ಸುಟ್ಟ ಜೋಳ ಕೊಡಿಸಿದರು. ಮರಳಿನ ಮೇಲೆ ಕೂತು, ಅಲೆ ನೋಡುತ್ತ, "ಸರೋಜಾ, ನಿಮ್ಮಕ್ಕ ಉಳೀತಾಳಾ? ನಿಜ ಹೇಳು" ಎಂದರು. ಔಷಧ ಹಿಡಿದಿದೆ, ಜ್ವರ ಇಳಿದಿದೆ, ಈ ಸಲ ಉಳಿಯುತ್ತಾಳೆ ಎಂದೆ. "ಈ ಸಲ" ಎಂಬುದು ಬಾಯಿ ತಪ್ಪಿ ಬಂತು. ಅವರು ಜೋಳದ ದಿಂಡನ್ನು ಸುಮ್ಮನೆ ತಿರುಗಿಸುತ್ತ ಕೂತರು. ಗಾಳಿ ಜೋರಾಗಿತ್ತು, ಕಣ್ಣೊರೆಸಿಕೊಳ್ಳಲು ಇಬ್ಬರಿಗೂ ಒಂದು ನೆಪವಾಯಿತು.

ಮೂರನೆಯ ದಿನ ವಿಜಯವಾಡದ ಹಗಲು ಗಾಡಿ. ಹೊರಡುವ ಮುಂಚೆ ಅಕ್ಕನನ್ನು ಕಂಡೆ. ದಿಂಬಿಗೆ ಒರಗಿ ಕೂತಿದ್ದಳು, ಗಂಜಿ ಕುಡಿದಿದ್ದಳು.

"ಬೀಗಿತ್ತಿ ಮುಂದೆ ಜಾಸ್ತಿ ಮಾತಾಡ್ಬ್ಯಾಡ ಕಣೇ. ನಿನ್ನ ಬಾಯಿ ನಂಗೆ ಗೊತ್ತೈತೆ. ಅನಸೂಯಮ್ಮೋರು ನನ್ನ ಮಗಳನ್ನ ಹೂವಿನಂಗೆ ನೋಡ್ಕೊಂಡವ್ರೆ. ಹೆಣ್ಣು ಕೊಟ್ಟೋರು ನಾವು. ಒಂದು ಮಾತು ಹೆಚ್ಚು ಕಮ್ಮಿ ಆದ್ರೆ ಅದು ಸುಮನ ತಲೆ ಮ್ಯಾಲೇ ಬೀಳಾದು."

"ನಾನೇನು ಜಗಳಕ್ಕೆ ಹೋಗ್ತಿದೀನಾ?" ಎಂದೆ. ಅಕ್ಕ ನಕ್ಕಳು. ಆ ನಗುವಿಗೂ ಅವಳಿಗೆ ಕೆಮ್ಮು ಬಂತು.

ಎರಡು ಊರುಗಳ ನಡುವೆ ಮುನ್ನೂರೈವತ್ತು ಕಿಲೋಮೀಟರ್ ಆಸುಪಾಸು. ಮಧ್ಯಾಹ್ನ ಹೊರಟ ಗಾಡಿ ಅನಕಾಪಲ್ಲಿ, ತುನಿ, ಸಾಮಲಕೋಟ ದಾಟಿ ರಾಜಮಹೇಂದ್ರಿಯಲ್ಲಿ ನಿಂತಿತು. ಅಲ್ಲಿ ಪಾಕದಲ್ಲಿ ಮುಳುಗಿಸಿದ ಕಾಜಾ ಮಾರುವವರು ಬೋಗಿಗೆ ಹತ್ತಿದರು. ಗೋದಾವರಿಯ ಸೇತುವೆ ಎಷ್ಟು ಉದ್ದವೆಂದರೆ ನಾನು ಒಂದು ಕಾಜಾ ತಿಂದು ಕೈ ತೊಳೆದು ಬಂದರೂ ಕಿಟಕಿಯಲ್ಲಿ ನೀರೇ ಇತ್ತು. ಏಲೂರಿನ ಕಡೆಗೆ ಬರುತ್ತಿದ್ದಂತೆ ಹೊಲಗಳು ಕಡಿಮೆಯಾಗಿ ಮೀನು, ಸೀಗಡಿಗಳ ಹೊಂಡಗಳು ಶುರುವಾದವು. ಎದುರು ಸೀಟಿನಲ್ಲಿ ಕೂತಿದ್ದವನದೂ ಅಂಥ ಹೊಂಡಗಳಂತೆ. ನಾನು ಹೋಗುತ್ತಿರುವ ಸಭೆಯ ವಿಷಯ ಕೇಳಿ, "ಅಮ್ಮಾ, ಹಡಗಿಗೆ ಹೋಗುವ ಸೀಗಡಿಯಲ್ಲಿ ಔಷಧದ ವಾಸನೆ ಬಂದರೂ ಪರದೇಶದವನು ವಾಪಸ್ ಕಳಿಸುತ್ತಾನೆ. ಅದಕ್ಕೇ ಅದನ್ನು ಹುಷಾರಾಗಿ ಬೆಳೆಸುತ್ತೇವೆ" ಎಂದು ತೆಲುಗಿನಲ್ಲಿ ಹೇಳಿದ. ವಾಪಸ್ ಬಂದದ್ದನ್ನು ಯಾರು ತಿನ್ನುತ್ತಾರೆ ಎಂದು ಕೇಳಿದೆ. ಅವನು ನಕ್ಕು ಕಿಟಕಿಯ ಹೊರಗೆ ನೋಡಿದ.

ವಿಜಯವಾಡ ನಿಲ್ದಾಣಕ್ಕೆ ಸುಮಾಳ ಗಂಡ ಕಿರಣ್ ಕಾರು ತಂದಿದ್ದ. ಗನ್ನವರಂ ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ, ಹೆದ್ದಾರಿ ಚೆನ್ನಾಗಿದೆ. ಅವರ ಮನೆ ವಿಮಾನ ನಿಲ್ದಾಣದ ಹಿಂಭಾಗದ ಹಳ್ಳಿಯಲ್ಲಿ. ವಿಮಾನ ಇಳಿಯುವಾಗ ಅಂಗಳದಲ್ಲಿ ಮಾತು ನಿಲ್ಲಿಸಿ ಕಾಯುವುದು ಆ ಮನೆಯವರಿಗೆ ಅಭ್ಯಾಸವಾಗಿಬಿಟ್ಟಿದೆ. ಅನಸೂಯಮ್ಮ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟರು. ಹುಟ್ಟಿದ್ದು ಬಳ್ಳಾರಿ, ಮದುವೆಯಾಗಿ ಬಂದದ್ದು ಇಲ್ಲಿಗೆ. ಗಂಡ ತೀರಿಕೊಂಡ ಮೇಲೆ ಫಾರಂ ನಡೆಸಿಕೊಂಡು ಬಂದವರು. ಅವರ ಕನ್ನಡದಲ್ಲಿ ಬಳ್ಳಾರಿ ಇನ್ನೂ ಗಟ್ಟಿಯಾಗಿತ್ತು, ನಡುನಡುವೆ ತೆಲುಗು ಬಂದು ಕೂರುತ್ತಿತ್ತು.

"ರಂಡಿ ವದಿನಗಾರು, ಬರ್ರಿ ಒಳಗ. ಗಿರಿಜಮ್ಮೋರು ಹ್ಯಾಂಗದಾರ? ನಾನು ದಿನಾ ಕನಕದುರ್ಗಮ್ಮಗ ಕೈ ಮುಗೀತೀನ್ರಿ ಅವರ ಸಲುವಾಗಿ."

ವದಿನ ಎಂದರೆ ಅತ್ತಿಗೆ. ಬೀಗಿತ್ತಿಯ ತಂಗಿಯಾದ ನನ್ನನ್ನು ಹಾಗೆ ಕರೆದು, ತಾವೇ ಬಡಿಸಿ, ನಾನು ಸಾಕು ಎಂದರೂ ಬಿಡದೆ ಪುಂಡಿ ಸೊಪ್ಪಿನ ಗೋಂಗುರ ಪಚ್ಚಡಿ, ತುಪ್ಪ ಹಾಕಿ ಊಟ ಮಾಡಿಸಿದರು. ಅಕ್ಕ ಹೇಳಿದ್ದು ಸರಿ. ಸುಮಾ ಆ ಮನೆಯಲ್ಲಿ ಮಗಳ ಹಾಗೆ ಓಡಾಡುತ್ತಿದ್ದಳು.

ಬೆಳಿಗ್ಗೆ ತಿಂಡಿಗೆ ಕೂತಾಗ ಸುಮಾಳ ಮಗಳು ಚಿನ್ನಿ, ಇನ್ನೂ ಶಾಲೆಗೆ ಹೋಗದ ಪುಟ್ಟ ಹುಡುಗಿ, ಅಜ್ಜಿಯ ಮುಂದೆ ತಟ್ಟೆ ಹಿಡಿದು ನಿಂತಳು. "ನೀಲಂ ಗುಡ್ಡು ನಾದಿ!" ಎಂದಳು, ನೀಲಿ ಮೊಟ್ಟೆ ನನ್ನದು ಎಂದು. ಅನಸೂಯಮ್ಮ ಬೇಯಿಸಿದ ಮೊಟ್ಟೆಯ ನೀಲಿ ತುದಿಯನ್ನು ಅವಳಿಗೆ ತೋರಿಸಿ, ಸುಲಿದು, ಉಪ್ಪು ಹಚ್ಚಿ ತಿನ್ನಿಸಿದರು. ಸಿಪ್ಪೆಯ ಆ ಚೂರನ್ನು ಹುಡುಗಿ ಹಣೆಗೆ ಅಂಟಿಸಿಕೊಂಡು ಓಡಾಡಿದಳು.

ತಿಂಡಿಯಾದ ಮೇಲೆ ಅನಸೂಯಮ್ಮ ಫಾರಂ ತೋರಿಸಿದರು. ನಾನು ಎಷ್ಟೋ ಫಾರಂ ಕಂಡವಳು, ಮೂಗು ಮುರಿಯುವ ಅಭ್ಯಾಸವೂ ಇದೆ. ಇಲ್ಲಿ ಮೂಗು ಮುರಿಯಲು ಏನೂ ಸಿಗಲಿಲ್ಲ. ಬಾಗಿಲಲ್ಲಿ ಕಾಲು ಅದ್ದಲು ಸುಣ್ಣದ ನೀರು, ಒಣಗಿದ ನೆಲ, ಗಾಳಿ ಆಡುವ ಶೆಡ್ಡುಗಳು. ಮೇವಿಗೆ ಔಷಧ ಬೆರೆಸುವುದಿಲ್ಲ. ಕೆಮ್ಮುವ ಕೋಳಿಗಳನ್ನು ಬೇರೆ ಮಾಡಿ ಹಿಂದಿನ ಸಣ್ಣ ಶೆಡ್ಡಿಗೆ ಹಾಕುತ್ತಾರೆ. ಪಶುವೈದ್ಯರು ಬರೆದುಕೊಟ್ಟರೆ ಮಾತ್ರ ಅವುಗಳ ನೀರಿಗೆ ಔಷಧದ ಪುಡಿ. ಸರ್ಕಾರ ಹೇಳುವುದೆಲ್ಲವನ್ನೂ ಈ ಹೆಂಗಸು ಅದು ಹೇಳುವ ಮೊದಲೇ ಮಾಡುತ್ತಿದ್ದರು. ಸಭೆಯಲ್ಲಿ ಇವರನ್ನೇ ಎದ್ದು ನಿಲ್ಲಿಸಿ ತೋರಿಸಬೇಕು ಅಂದುಕೊಂಡೆ.

ಆ ಸಣ್ಣ ಶೆಡ್ಡಿನ ಮುಂದೆ ಒಬ್ಬ ಕೆಲಸದ ಹೆಂಗಸು ಮೊಟ್ಟೆ ಆಯ್ದು ಟ್ರೇಗೆ ಇಡುತ್ತಿದ್ದಳು. ಪಕ್ಕದಲ್ಲಿ ಒಂದು ಬಟ್ಟಲು. ಒಂದೊಂದು ಮೊಟ್ಟೆ ಇಡುವಾಗಲೂ ಬೆರಳನ್ನು ಬಟ್ಟಲಿಗೆ ಅದ್ದಿ ಅದರ ತುದಿಗೆ ಒತ್ತುತ್ತಿದ್ದಳು. ನೀಲಿ.

"ಇವನ್ನ ಮಾರಂಗಿಲ್ರಿ" ಎಂದರು ಅನಸೂಯಮ್ಮ. "ಮದ್ದು ಕುಡಿಸೋ ದಿನಾನೂ ಇಲ್ಲ, ಮದ್ದು ನಿಲ್ಸಿದ್ಮ್ಯಾಲೆ ಡಾಕ್ಟ್ರು ಹೇಳಿದಷ್ಟು ದಿನಾನೂ ಇಲ್ಲ. ಒಂದು ಮೊಟ್ಟೀನೂ ಲಾರಿ ಹತ್ತಂಗಿಲ್ಲ. ಅಪ್ಪಿತಪ್ಪಿ ಬೆರೀಬಾರ್ದು ಅಂತ ಈ ಬೊಟ್ಟು. ನಮ್ಮ ಮಾವನ ಕಾಲದಾಗ ಯಾರಿಗಿತ್ರೀ ಈ ಶಿಸ್ತು?"

"ಮತ್ತೆ ಇವು ಎಲ್ಲಿಗೆ ಹೋಗ್ತವೆ?" ಎಂದು ಕೇಳಿದೆ. ಉತ್ತರ ನನಗೆ ಗೊತ್ತಿತ್ತು. ಮೂರು ದಿನದ ಹಿಂದೆ ತಿಂದಿದ್ದೆ.

"ಮನೀಗೆ. ಕೆಲ್ಸದವ್ರಿಗೆ, ಬಂಧುಗಳಿಗೆ. ಅನ್ನ ಚೆಲ್ಲಿದ್ರ ಪಾಪ ಬರ್ತದಲ್ರೀ."

ಅವರ ಮುಖದಲ್ಲಿ ಕಳ್ಳತನದ ಸುಳಿವೂ ಇರಲಿಲ್ಲ. ಬೆಳೆಯುವವರ ಮನೆಗಳ ರೀತಿಯೇ ಅದು. ಗಟ್ಟಿ ಕಾಳು ಪೇಟೆಗೆ, ನುಚ್ಚು ಮನೆಗೆ. ಬೆಣ್ಣೆ ಮಾರಾಟಕ್ಕೆ, ಮಜ್ಜಿಗೆ ಮಕ್ಕಳಿಗೆ. ಮಾರಲು ಬಾರದ್ದನ್ನು ತಾನು ತಿನ್ನುವುದು ಅವರಿಗೆ ಪ್ರಾಮಾಣಿಕತೆ. ನುಚ್ಚು ತಿಂದರೆ ಕೆಡುಕಿಲ್ಲ. ಔಷಧದ ಅಂಶ ಉಳಿದಿರುವ ಮೊಟ್ಟೆಯ ಕಥೆ ಬೇರೆ. ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಚೂರು ಚೂರೇ ಔಷಧ ದಿನವೂ ಹೊಟ್ಟೆಗೆ ಹೋಗುತ್ತಿದ್ದರೆ ಅಲ್ಲಿರುವ ರೋಗಾಣುಗಳು ಅದಕ್ಕೆ ಪಳಗುವ ಅಪಾಯವಿದೆ. ಇದನ್ನು ನಾನು ತರಗತಿಗಳಲ್ಲಿ ಹೇಳುತ್ತ ಬಂದವಳು.

ಈ ಮೊಟ್ಟೆಗಳಿಂದಲೇ ಅಕ್ಕ ಆಸ್ಪತ್ರೆ ಸೇರಿದಳೆಂದು ನಾನು ಹೇಳಲಾರೆ. ಯಾರೂ ಹೇಳಲಾರರು. ರೋಗಾಣುಗಳು ಮದ್ದಿಗೆ ಪಳಗಲು ನೂರು ದಾರಿಗಳಿವೆ. ಜ್ವರ ಬಂದಾಗಲೆಲ್ಲ ಔಷಧದಂಗಡಿಯಲ್ಲಿ ಕೇಳಿ ತಂದ ಮಾತ್ರೆಯೂ ಅದರಲ್ಲಿ ಒಂದು. ಆದರೆ ಆ ಟ್ರೇ ಎಂವಿಪಿ ಕಾಲೋನಿಯ ಫ್ರಿಜ್ಜಿನಲ್ಲಿ ಅಕ್ಕನಿಗಾಗಿ ಕಾಯುತ್ತಿತ್ತು. ಚಿನ್ನಿ ನಾಳೆಯೂ ತಟ್ಟೆ ಹಿಡಿದು ಬರುತ್ತಾಳೆ. ಹಿತ್ತಿಲಿಗೆ ಹೋಗಿ ಭಾವನಿಗೆ ಫೋನ್ ಮಾಡಿದೆ. ಬೊಟ್ಟಿಟ್ಟ ಮೊಟ್ಟೆ ಅಕ್ಕನಿಗೆ ಕೊಡಬೇಡಿ, ನೀವೂ ತಿನ್ನಬೇಡಿ, ಯಾಕೆಂದು ಬಂದು ಹೇಳುತ್ತೇನೆ, ಅಕ್ಕನಿಗೆ ಈಗ ಏನೂ ತಿಳಿಸಬೇಡಿ ಎಂದೆ. ಅನಸೂಯಮ್ಮನವರಿಗೆ ಹೇಳಲು ಬಾಯಿ ಬರಲಿಲ್ಲ. ಅವರ ಮನೆಯ ತುಪ್ಪ ಉಂಡು, ಹೆಣ್ಣು ಕೊಟ್ಟ ಕಡೆಯವಳಾಗಿ, ನೀವು ಮೊಮ್ಮಗಳಿಗೆ ತಿನ್ನಬಾರದ್ದನ್ನು ತಿನ್ನಿಸುತ್ತಿದ್ದೀರಿ ಎಂದು ಹೇಗೆ ಹೇಳುವುದು? ಸಭೆ ಮುಗಿಯಲಿ, ಸಂಜೆ ಇಬ್ಬರೇ ಇದ್ದಾಗ ಹೇಳೋಣ ಎಂದು ಮುಂದೂಡಿದೆ.

ಸಭೆಗೆ ಅನಸೂಯಮ್ಮನೂ ನನ್ನ ಜೊತೆ ಬಂದರು. ಹೊಸ ಸೀರೆ ಉಟ್ಟಿದ್ದರು. ಕಿರಣ್ ಕಾರು ಓಡಿಸಿದ. ಒಂದು ಕಲ್ಯಾಣ ಮಂಟಪದಲ್ಲಿ ಏರ್ಪಾಡು. ಎಸಿ ಕೆಟ್ಟಿದ್ದರಿಂದ ದೊಡ್ಡ ಫ್ಯಾನುಗಳನ್ನು ತಂದಿಟ್ಟಿದ್ದರು, ಅವುಗಳ ಸದ್ದಿಗೆ ಮೈಕು ಸೋಲುತ್ತಿತ್ತು. ನನ್ನನ್ನು ವೇದಿಕೆಯ ಮೇಲೆ ಕೂರಿಸಿದರು. ಅಧಿಕಾರಿ ನಿಯಮಗಳನ್ನು ತೆಲುಗಿನಲ್ಲಿ ಓದಿದರು. ಬೆಳವಣಿಗೆಗೆಂದು ಆಂಟಿಬಯೋಟಿಕ್ ಕೊಡುವಂತಿಲ್ಲ. ಪಶುವೈದ್ಯರ ಚೀಟಿಯಿಲ್ಲದೆ ಕೊಳ್ಳುವಂತಿಲ್ಲ. ಮನುಷ್ಯರಿಗೆ ಮೀಸಲಾದ ಔಷಧಗಳನ್ನು ಮುಟ್ಟುವಂತಿಲ್ಲ. ಔಷಧ ಕೊಟ್ಟ ದಿನಗಳ ಮೊಟ್ಟೆ, ಮಾಂಸ, ಹಾಲನ್ನು ಮಾರುವಂತಿಲ್ಲ. ಜನ ಗೊಣಗಿದರು. ನಮ್ಮ ತಾಲೂಕಿಗೆ ಇರುವುದೇ ಒಬ್ಬ ಡಾಕ್ಟರು, ಕೋಳಿ ಸಾಯುವ ಹೊತ್ತಿಗೆ ಚೀಟಿಗೆ ಎಲ್ಲಿ ಹೋಗುವುದು ಎಂದು ಒಬ್ಬರು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಅಧಿಕಾರಿ ಮುಂದಿನ ಹಾಳೆ ತಿರುಗಿಸಿದರು.

ಆಮೇಲೆ ಅಧಿಕಾರಿ, ಮಾರದೆ ಉಳಿದ ಮೊಟ್ಟೆಗಳಿಂದ ನಷ್ಟವಾಗುತ್ತದೆಂದು ಹೇಳುತ್ತೀರಲ್ಲ, ಈ ನಿಯಮವನ್ನು ಪಾಲಿಸಿ ತೋರಿಸಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಅನಸೂಯಮ್ಮ ಎದ್ದು ನಿಂತರು. ಸೆರಗು ಸರಿ ಮಾಡಿಕೊಂಡು, ಸಣ್ಣ ಶೆಡ್ಡು, ನೀಲಿ ಬೊಟ್ಟು ಎಲ್ಲವನ್ನೂ ಹೇಳಿದರು. "ಒಂದು ಮೊಟ್ಟೆ ಮಾರಿಲ್ಲ, ಒಂದು ಮೊಟ್ಟೆ ಚೆಲ್ಲಿಲ್ಲ. ಮನೆಯಲ್ಲಿ ತಿನ್ನುತ್ತೇವೆ, ನಮ್ಮವರಿಗೆ ಕಳಿಸುತ್ತೇವೆ. ನಷ್ಟ ಎಲ್ಲಿ ಬಂತು?" ಎಂದರು. ಜನ ಚಪ್ಪಾಳೆ ತಟ್ಟಿದರು. ಹಲವರು ನಾವೂ ಹೀಗೇ ಮಾಡುವುದು ಎಂದು ತಲೆಯಾಡಿಸಿದರು. ಅಧಿಕಾರಿಯೂ ನಗುತ್ತ ಏನೋ ಹೇಳಹೊರಟವರು ಅರ್ಧಕ್ಕೆ ನಿಂತು ನನ್ನ ಕಡೆ ನೋಡಿದರು. ಅಷ್ಟರಲ್ಲಿ ಅನಸೂಯಮ್ಮ ಕನ್ನಡದಲ್ಲಿ ನನ್ನನ್ನೇ ಕೇಳಿದರು.

"ಹೌದಲ್ರೀ ವದಿನಗಾರು? ನೀವ ಡಾಕ್ಟ್ರು, ನೀವ ಹೇಳ್ರಿ ಎಲ್ಲಾರಿಗೂ."

ನಗುತ್ತ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಅಕ್ಕನ ಮಾತೂ ಉಳಿಯುತ್ತಿತ್ತು. ಆದರೆ ಅಷ್ಟು ಮನೆಗಳವರು ಆ ತಲೆಯಾಡಿಸುವಿಕೆಯನ್ನು ಮನೆಗೆ ಕೊಂಡೊಯ್ಯುತ್ತಿದ್ದರು. ಮೈಕು ತೆಗೆದುಕೊಂಡೆ. ನನ್ನ ಅರ್ಧಂಬರ್ಧ ತೆಲುಗಿನಲ್ಲಿ, ಸಾಲದ ಕಡೆ ಕನ್ನಡ ಸೇರಿಸಿ ಹೇಳಿದೆ.

"ಅನಸೂಯಮ್ಮನವರು ನಿಯಮ ಮುರಿದಿಲ್ಲ. ಮಾರಬೇಡಿ ಅಂತ ಬರೆದಿದೆ, ಮಾರಿಲ್ಲ. ಇಂಥ ಫಾರಂ ನಾನು ಹೆಚ್ಚು ನೋಡಿಲ್ಲ. ತಪ್ಪಿರೋದು ನಾವು ಹೇಳಿಕೊಟ್ಟದ್ದರಲ್ಲಿ. ಮಾರಬೇಡಿ ಅಂದ್ವಿ, ಯಾಕೆ ಅಂತ ಹೇಳಲಿಲ್ಲ. ತಿನ್ನಬಾರದು ಅಂತಾನೇ ಮಾರಬಾರದು. ಆ ಮೊಟ್ಟೆ ಪೇಟೆಯವರಿಗೆ ಆಗದಿದ್ದರೆ ನಮ್ಮ ಮಕ್ಕಳಿಗೂ ಆಗೋದಿಲ್ಲ." ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಲಿಲ್ಲ. "ನನ್ನ ಅಕ್ಕ ಆಸ್ಪತ್ರೆಯಲ್ಲಿದ್ದಾಳೆ. ಯಾವ ಮಾತ್ರೆಯೂ ಅವಳಿಗೆ ಹತ್ತುತ್ತಿಲ್ಲ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೆ ಔಷಧದ ಮೊಟ್ಟೆ ಅವಳ ತಟ್ಟೆಗೆ ಹಾಕಬಹುದಾ ಅಂತ ಕೇಳಿದರೆ, ನಾನು ಬೇಡ ಅಂತೀನಿ."

ಅನಸೂಯಮ್ಮ ನಿಂತೇ ಇದ್ದರು. ಆಮೇಲೆ ಕುರ್ಚಿಯ ಬೆನ್ನು ಹಿಡಿದು ಮೆಲ್ಲಗೆ ಕೂತರು. ಅಧಿಕಾರಿ, ಅಂಥ ಮೊಟ್ಟೆಯನ್ನು ಹೂಳಬೇಕು, ಯಾರಿಗೂ ಕೊಡಬಾರದು ಎಂಬ ಮಾತನ್ನು ತೆಲುಗಿನ ಪ್ರಕಟಣೆಗೆ ದೊಡ್ಡ ಅಕ್ಷರದಲ್ಲಿ ಸೇರಿಸುತ್ತೇವೆ ಎಂದರು. ಸೇರಿಸಿದರೋ ಇಲ್ಲವೋ ತಿಳಿಯದು. ಊಟಕ್ಕೆ ಬಿರಿಯಾನಿ ಇತ್ತು, ಮೇಲೆ ಒಂದೊಂದು ಮೊಟ್ಟೆ. ಅನಸೂಯಮ್ಮ ಎಲೆ ಮುಟ್ಟಲಿಲ್ಲ.

ಕಾರಿನಲ್ಲಿ ಅವರು ಕಿಟಕಿಯ ಪಕ್ಕಕ್ಕೆ ಸರಿದು ಕೂತರು. ಕಿರಣ್ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿ ರೇಡಿಯೋ ಆರಿಸಿದ. ಊರು ಹತ್ತಿರ ಬಂದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದರು.

"ಮನಿಯಾಗ ಹೇಳಬಹುದಿತ್ತಲ್ರೀ."

"ಸಂಜೆ ಹೇಳೋಣ ಅಂತಿದ್ದೆ. ನೀವೇ ಕೇಳಿದ್ರಿ."

"ಹೂಂ. ನಾನ ಕೇಳ್ದೆ." ಆಮೇಲೆ ನನ್ನ ಕಡೆ ತಿರುಗಿದರು. "ಪೇಟಿಯಾಗಿರೋರು ನನಗ ಏನಾಗಬೇಕ್ರೀ? ಅವರ್ಗೆ ಚಲೋ ಮೊಟ್ಟಿ ಕೊಟ್ಟೆ. ನನ್ನ ಮೊಮ್ಮಗಳಿಗೆ, ಗಿರಿಜಮ್ಮಗ... ಅಯ್ಯೋ, ಬೊಟ್ಟಿಟ್ಟು ಇಟ್ಟು ಕಳಿಸಿದ್ನಲ್ರೀ!"

ನಾನು ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ. ನಿಮ್ಮಿಂದಲೇ ಹೀಗಾಯಿತೆಂದು ನಾನು ಹೇಳಿಲ್ಲ, ಹೇಳಲು ಬರುವುದೂ ಇಲ್ಲ ಎಂದೆ. ಅವರಿಗೆ ಆ ಮಾತು ಸಮಾಧಾನ ಕೊಡಲಿಲ್ಲ. ನನಗೂ ಕೊಟ್ಟಿರಲಿಲ್ಲ.

ಬೆಳಕಿರುವಾಗಲೇ ಸತ್ತ ಕೋಳಿ ಹೂಳುವ ಗುಂಡಿಯ ಪಕ್ಕದಲ್ಲಿ ಇನ್ನೊಂದನ್ನು ತೋಡಿಸಿದರು. ನೀಲಿ ಬೊಟ್ಟಿನ ಟ್ರೇಗಳನ್ನು ತರಿಸಿ, ಕೆಲಸದವರಿಗೆ ಬಿಡದೆ, ತಾವೇ ಒಂದೊಂದು ಮೊಟ್ಟೆ ಒಡೆದು ಹಾಕಿದರು. ಮೊದಲ ಮೊಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡು ಆಮೇಲೆ ಒಡೆದರು. ಅನ್ನ ಚೆಲ್ಲುವ ಪಾಪಕ್ಕೆ ಕ್ಷಮೆ ಕೇಳಿದರೆಂದು ಕಾಣುತ್ತದೆ. ಸುಮಾ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. "ಏಮೈಂದಿ ಪಿನ್ನಿ? ಏನಾಯ್ತು ಚಿಕ್ಕಮ್ಮ? ಏನ್ ಅಂದ್ರಿ ನಮ್ಮತ್ತೆಗೆ?" ಎಂದು ಕೇಳಿದಳು. ಅವಳು ಹಾಗೆ ಅತ್ತೆಯ ಪರ ನಿಂತದ್ದು ನೋಡಿ ನನಗೆ ನೆಮ್ಮದಿಯೇ ಆಯಿತು. ಚಿನ್ನಿ ಮಾತ್ರ ಮರುದಿನ ಬೆಳಿಗ್ಗೆ ಬೊಟ್ಟಿಲ್ಲದ ಮೊಟ್ಟೆ ಬೇಡವೆಂದು ಅತ್ತು ರಂಪ ಮಾಡಿ, ಕೊನೆಗೆ ತಿನ್ನದೆ ಎದ್ದಳು.

ನಾನು ಹೊರಡುವಾಗ ಅನಸೂಯಮ್ಮ ಹೊಟ್ಟಿನ ನಡುವೆ ಮೊಟ್ಟೆ ಜೋಡಿಸಿದ ಬುಟ್ಟಿಯೊಂದನ್ನು ತಂದು ಕಾರಿನಲ್ಲಿಟ್ಟರು. "ಲಾರಿ ಮಾಲಿನಾಗಿಂದ ತೆಗೆದದ್ದು. ಇಷ್ಟು ವರ್ಷದಾಗ ಮನೀಗೆ ಅಂತ ಅದರಾಗ ಕೈ ಹಾಕಿದ್ದು ಇವತ್ತ. ಗಿರಿಜಮ್ಮೋರಿಗೆ ನೀವ ಹೇಳ್ರಿ. ನನಗ ಬಾಯಿ ಬರೂದಿಲ್ಲ" ಎಂದರು. ವಿಮಾನವೊಂದು ತಲೆಯ ಮೇಲೆ ಹಾದು ಹೋಗುತ್ತಿತ್ತು. ಅದು ಇಳಿದ ಮೇಲೂ ನಾವಿಬ್ಬರೂ ಮಾತಾಡಲಿಲ್ಲ.

ಏಲೂರು, ಗೋದಾವರಿ, ತುನಿ ಎಲ್ಲ ಹಿಂದುಮುಂದಾಗಿ ಕಳೆದವು. ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದೆ. ಪಕ್ಕದವರು ಕೆಳಗಿಡಿ ಅಮ್ಮಾ ಎಂದರೂ ಇಡಲಿಲ್ಲ. ವಿಶಾಖಪಟ್ಟಣದಲ್ಲಿ ಮೋಡ ಕವಿದು ಸೆಕೆ ಇನ್ನೂ ಹೆಚ್ಚಾಗಿತ್ತು.

ಅಕ್ಕನನ್ನು ಮನೆಗೆ ಕಳಿಸಿದ್ದರು. ಔಷಧ ಈ ಸಲ ಗೆದ್ದಿತ್ತು. ಮುಂದಿನ ಸಲದ ಮಾತು ಈಗ ಬೇಡ ಎಂದು ಆ ವೈದ್ಯೆ ಹೇಳಿದಳಂತೆ. ಅಡುಗೆಮನೆಯ ಕುರ್ಚಿಯಲ್ಲಿ ಕೂತು ಅಕ್ಕ ಬುಟ್ಟಿಯನ್ನು ಎದುರಿಗೆ ಇಡಿಸಿಕೊಂಡಳು. ಹೊಟ್ಟು ಸರಿಸಿ ಒಂದು ಮೊಟ್ಟೆ ತೆಗೆದು ತಿರುಗಿಸಿ ನೋಡಿದಳು. ಇನ್ನೊಂದು ತೆಗೆದಳು. ಮತ್ತೊಂದು. ಅವಳ ಮುಖ ಸಣ್ಣದಾಯಿತು.

"ಯಾಕೇ ಸರೋಜ, ಈ ಸಲ ಬೊಟ್ಟೇ ಇಟ್ಟಿಲ್ಲ? ಅನಸೂಯಮ್ಮೋರ್ಗೆ ನಮ್ಮ ಮ್ಯಾಲೆ ಸಿಟ್ಟಾ? ಏನಂದೆ ನೀನು ಅಲ್ಲಿ?"

ನಾನು ಅವಳ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಸಣ್ಣ ಶೆಡ್ಡು, ಬಟ್ಟಲಿನ ನೀಲಿ, ಸಭೆ, ಗುಂಡಿ. ಭಾವ ಬಾಗಿಲಿಗೆ ಆತುಕೊಂಡು ಕೇಳಿದರು. ಅಕ್ಕ ಬಹಳ ಹೊತ್ತು ಮೊಟ್ಟೆಯನ್ನು ಅಂಗೈಯಲ್ಲೇ ಹಿಡಿದಿದ್ದಳು. ಬಯ್ಯುತ್ತಾಳೆ, ನನ್ನನ್ನೋ ಬೀಗಿತ್ತಿಯನ್ನೋ, ಎಂದು ಕಾದೆ. ಅವಳು ಫೋನ್ ಕೇಳಿದಳು.

"ಅನಸೂಯಮ್ಮೋರೇ, ನಾನು ಗಿರಿಜ. ಹೂಂ, ಮನೆಗೆ ಬಂದೆ. ಮೊಟ್ಟೆ ಬಂದವು." ಉಸಿರು ಸಾಲದೆ ಒಂದು ಗಳಿಗೆ ನಿಲ್ಲಿಸಿದಳು. "ಒಂದೊಂದೂ ತಿರುಗಿಸಿ ನೋಡ್ದೆ. ಒಂದ್ರ ಮ್ಯಾಲೂ ಬೊಟ್ಟಿಲ್ಲ. ಭಾಳ ಚೆನ್ನಾಗವೆ."

ಆ ಕಡೆಯಿಂದ ಅಳು ಬಂತು. ಅಕ್ಕ ಫೋನನ್ನು ಕಿವಿಯಿಂದ ತೆಗೆಯದೆ, ಅದು ನಿಲ್ಲುವವರೆಗೂ, ತನ್ನ ಮುಂದೆಯೇ ಕೂತಿರುವವರಿಗೆ ಮಾಡುವ ಹಾಗೆ ತಲೆಯಾಡಿಸುತ್ತ ಇದ್ದಳು.

ಮರುದಿನ ನಾನು ಬೆಂಗಳೂರಿನ ಗಾಡಿ ಹತ್ತಿದೆ. ಹೊರಡುವ ಮುಂಚೆ ಭಾವ ಅಕ್ಕನಿಗೆ ಒಂದು ಮೊಟ್ಟೆ ಬೇಯಿಸಿ, ಸುಲಿದು, ಉಪ್ಪು ಹಚ್ಚಿ ಕೊಟ್ಟರು. ಅವಳು ಅದನ್ನು ಪೂರ್ತಿ ತಿಂದು ಮುಗಿಸುವವರೆಗೆ ನಾನು ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದೆ.